ಪಡಸಾಲೆಯ ಕೋರಾ ಪರದೆ

ಕೊಪ್ಪಳದ ನಮ್ಮ ಮನೆಯಲ್ಲಿ ಪಡಸಾಲೆಗೂ ನಡುಮನೆಗೂ ನಡುವೆ ದಪ್ಪ ತೇಗದ ಜೋಡಿ ಕದಗಳಿದ್ದವು. ಪಡಸಾಲೆಯಲ್ಲಿ ಗಂಡಸರು ಬಂದು ಕುಳಿತರೆಂದರೆ ಆ ಕದ ಮುಂದೆ ಮಾಡಿ ಮುಚ್ಚಬೇಕು, ಹೆಂಗಸರು ಒಳಗೇ ಇರಬೇಕು. ನಮ್ಮ ಮನೆತನದ ರಿವಾಜು ಅದು. ನನಗೆ ಅದರ ಬಗ್ಗೆ ದೂರೇನೂ ಇರಲಿಲ್ಲ. ಒಳಗೆ ಕೆಲಸ ಬೇಕಾದಷ್ಟಿತ್ತು. ನಮ್ಮವರದು ಎಣ್ಣೆಯ ವ್ಯಾಪಾರ; ಹೊರಗೆ ನಡೆಯುತ್ತಿದ್ದ ಮಾತೆಲ್ಲ ಶೇಂಗಾ, ಕುಸುಬಿಯ ಧಾರಣೆಯದು. ಅದನ್ನು ಕೇಳಿ ನಾನೇನು ಮಾಡಬೇಕಿತ್ತು?

ಆ ಕದ ಅಡ್ಡಿ ಅನಿಸಿದ್ದು ಎರಡನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿ, ಒಂದು ಶ್ರಾವಣಕ್ಕೆ. ಪ್ರತಿ ಶ್ರಾವಣದಲ್ಲೂ ಓಣಿಯ ಮಠದಲ್ಲಿ ತಿಂಗಳ ಪುರಾಣ ನಡೆಯುತ್ತಿತ್ತು. ಆ ವರ್ಷ ಮಠದ ಮಣ್ಣಿನ ಮಾಳಿಗೆ ಸೋರತೊಡಗಿತ್ತು. ಹಿರಿಯರು ಕೂಡಿ, ಪಡಸಾಲೆ ದೊಡ್ಡದಿದೆ ಎಂದು ನಮ್ಮ ಮನೆಯನ್ನು ಗೊತ್ತು ಮಾಡಿದರು. ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ಮಧ್ಯಾಹ್ನ ಊಟವಾದ ಮೇಲೆ ಓದುವುದೆಂದು ಮಾತಾಯಿತು.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನಮ್ಮ ಅತ್ತೆ. ಅವರು ಮದುವೆಯಾಗಿ ಬಂದ ವರ್ಷದಿಂದ ಒಂದು ಶ್ರಾವಣವನ್ನೂ ಬಿಟ್ಟವರಲ್ಲ. ಆದರೆ ಎರಡು ವರ್ಷದಿಂದ ಮೊಣಕಾಲು ಹಿಡಿದು, ಹಿತ್ತಲ ಬಾವಿಗೆ ಹೋಗುವುದೂ ಗೋಡೆ ಹಿಡಿದೇ ಆಗಿತ್ತು. ಆ ಎರಡು ವರ್ಷ ಪುರಾಣದ ಹೊತ್ತಿಗೆ ಮಠದ ಕಡೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದರು, ಅಷ್ಟೇ. ಈಗ ಎರಡೂ ಕೈ ಜೋಡಿಸಿ ಅಂದರು: "ನನ್ನ ಕಾಲು ನೋಡಿ ಶಿವ ತಾನ ಮನಿಗೆ ಬಂದಾನವಾ!"

ಆಮೇಲೆ ಕದದ ಕಡೆ ನೋಡಿದರು. "ಬರೋದು ಬರತಾನ ಖರೆ. ಬಂದು ಕದ ಹಾಕ್ಕೊಂಡು ಕೂಡತಾನ."

ನಗೆಯ ಮಾತಿನಂತೆಯೇ ಅಂದರು. ನಗು ಮಾತ್ರ ಬರಲಿಲ್ಲ. ಆ ಕದ ಮುಂದೆ ಮಾಡಿದರೆ ಒಳಗೆ ಕೆಮ್ಮಿದ್ದೂ ಹೊರಗೆ ಕೇಳುತ್ತಿರಲಿಲ್ಲ, ಹೊರಗೆ ಅತ್ತದ್ದೂ ಒಳಗೆ ಕೇಳುತ್ತಿರಲಿಲ್ಲ. ಅವರ ಒಂದು ಕಿವಿ ಬೇರೆ ಮಂದವಾಗಿತ್ತು. ಕದದಾಚೆ ಓದುತ್ತಿರುವಾಗ ಒಳಗೆ ಕುಳಿತು ಏನೂ ಕೇಳದೆ ಇರುವುದಕ್ಕಿಂತ ಮಠವೇ ಲೇಸಾಗಿತ್ತಲ್ಲ ಎಂದು ನನಗೂ ಅನಿಸಿತು.

ಕದ ತೆರೆದಿಟ್ಟು ಪರದೆ ಹಾಕೋಣ ಎಂದು ನಾನು ನಮ್ಮವರಿಗೆ ಹೇಳಿದೆ.

"ಪರದಿ ಹಾಕಿದ್ರ ನವಾಬರ ಮನಿ ಅಂತಾರ ಮಂದಿ," ಅಂದರು.

"ಅನ್ನಲಿ ಬಿಡ್ರಿ. ಅವ್ವಾರಿಗೆ ಕೇಳಬೇಕಲ್ಲ."

ಅಷ್ಟಕ್ಕೇ ಒಪ್ಪಿಕೊಂಡರು. ತಾಯಿಯ ಮಾತು ಬಂದರೆ ಅವರು ಎಂದೂ ಎದುರಾಡಿದವರಲ್ಲ. ದೇವರು ನನಗೆ ಕೊಟ್ಟ ಸಣ್ಣ ಉಪಕಾರಗಳನ್ನು ಎಣಿಸುವಾಗ ಇದನ್ನೂ ಎಣಿಸುತ್ತೇನೆ.

ಹೇಗೂ ಪರದೆ ಹಾಕುವುದಾದರೆ ಪಡಸಾಲೆಯನ್ನೇ ಒಂದು ಸಲ ಚೊಕ್ಕ ಮಾಡಿಬಿಡೋಣ ಅನಿಸಿತು. ಅದರ ಅವಸ್ಥೆ ಹೇಳುವಂತಿರಲಿಲ್ಲ. ಲೋಡುಗಳ ಮೇಲೆ ಎಣ್ಣೆ ವ್ಯಾಪಾರಿಗಳು ತಲೆ ಆನಿಸಿ ಆನಿಸಿ ಕರಿ ಜಿಡ್ಡು ಕೂತಿತ್ತು. ಗಾದಿಯ ಹೊದಿಕೆ ಎರಡು ಕಡೆ ಹರಿದು ಹತ್ತಿ ಕಾಣುತ್ತಿತ್ತು. ಬೀದಿಯ ಕಡೆಯ ಎರಡು ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಪುರಾಣಿಕರು ಕೂಡುವುದು ಅಲ್ಲೇ, ಪುಸ್ತಕದ ಮೇಲೆ ಬಿಸಿಲು ಬಿದ್ದರೆ ಓದುವುದು ಹೇಗೆ? ಗೋಡೆಗೆ ಸುಣ್ಣ ಹೊಡೆಸಿ, ಕೆಳಗೆ ನಾನೇ ಕೆಮ್ಮಣ್ಣಿನ ಪಟ್ಟಿ ಬಳಿದೆ. ನಮ್ಮವರು ಕಿನ್ನಾಳಕ್ಕೆ ಹೋದಾಗ ಅಲ್ಲಿ ಗೊಂಬೆ ಮಾಡುವವರ ಕೈಯಲ್ಲಿ ಪರದೆ ತೂಗುಹಾಕಲು ಒಂದು ಉದ್ದನೆಯ ಕೋಲು ಮಾಡಿಸಿ ತಂದರು. ಕೋಲಿನ ಎರಡೂ ತುದಿಗೆ ಹಸಿರು ಗಿಣಿ, ಕೆಂಪು ಕೊಕ್ಕು. ಸಾದಾ ಕೋಲು ಹೇಳಿದ್ದೆ, ಅವರು ಗಿಣಿ ಹಚ್ಚಿಸಿಕೊಂಡು ಬಂದಿದ್ದರು.

ಬಟ್ಟೆಯದೇ ಕಷ್ಟವಾಗಿತ್ತು. ಆಗ ಬಟ್ಟೆಗೂ ರೇಷನ್ ಚೀಟಿ. ಚೀಟಿಯ ಮೇಲೆ ಬಂದದ್ದೇ ಬಟ್ಟೆ. ಬಣ್ಣ, ಜಾತಿ ಆರಿಸುವ ಹಾಗಿರಲಿಲ್ಲ. ಆ ಸಲ ಬಂದದ್ದು ಮಾಂಜರಪಾಟ, ಬಿಳುಪು ಮಾಡದ ದಪ್ಪ ನೂಲಿನ ಕೋರಾ ಬಟ್ಟೆ. ನಮ್ಮವರೂ ನಾನೂ ಆ ಸಲದ ಹೊಸ ಬಟ್ಟೆ ಬಿಟ್ಟು, ಮನೆಯವರೆಲ್ಲರ ಪಾಲನ್ನೂ ಪರದೆಗೇ ಕೂಡಿಸಿದೆವು. ಬಾಗಿಲಿಗೆ ಒಂದು ದೊಡ್ಡ ಪರದೆ, ಕಿಟಕಿಗಳಿಗೆ ಎರಡು ಸಣ್ಣವು. ಅಷ್ಟಕ್ಕೇ ಬಟ್ಟೆ ಸರಿಹೋಯಿತು, ಬೆರಳಗಲವೂ ಉಳಿಯಲಿಲ್ಲ.

ಹೊಲಿಯಲು ಕೊಟ್ಟದ್ದು ಪಕ್ಕದ ಮನೆಯ ಆಪಾಳಿಗೆ. ಅವಳ ಗಂಡ ಬಜಾರದಲ್ಲಿ ದರ್ಜಿ. ಮನೆಯಲ್ಲಿ ಒಂದು ಹೊಲಿಗೆ ಮಿಷನ್ ಇಟ್ಟುಕೊಂಡು ಇವಳೂ ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಅದಕ್ಕೇ ಅವರ ಮಾತಿನಲ್ಲಿ ಅಕ್ಕ ಎಂದು ಆಪಾ ಅನ್ನುತ್ತಿದ್ದೆ. ಅವಳ ಮನೆಯ ಬಾಗಿಲಿಗೆ ಮೊದಲಿನಿಂದಲೂ ಪರದೆ ಇತ್ತು, ಹಾಗಾಗಿ ಆ ವಿಷಯದಲ್ಲಿ ಅವಳ ಮಾತೇ ಪ್ರಮಾಣ. ಬಟ್ಟೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ನೋಡಿ ಅಂದಳು:

"ಇದು ಕೋರಾ ಐತಿ ತಂಗಿ. ಇದರಾಗ ಮಿಲ್ಲಿನ ಗಂಜಿ ಭಾಳ ಐತಿ. ಒಂದ್ ರಾತ್ರಿ ನೀರಾಗ ನೆನಿ ಹಾಕು, ಒಗಿ, ಒಣಗಿಸಿ ತೊಗೊಂಡ್ ಬಾ. ಆಮ್ಯಾಲ ಕತ್ತರಿ ಹಾಕತೀನಿ."

ನಾನು ಒಪ್ಪಲಿಲ್ಲ. ನಮ್ಮಲ್ಲಿ ದೇವರ ಕೆಲಸಕ್ಕೆ ತರುವ ಹೊಸ ಬಟ್ಟೆಗೆ ಮೊದಲು ನೀರು ಮುಟ್ಟಿಸುವುದಿಲ್ಲ. ಅಂಗಡಿಯಿಂದ ಬಂದದ್ದಕ್ಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಹಾಗೇ ಬಳಸಬೇಕು. ನೀರು ಕಂಡಿತೆಂದರೆ ಅದು ಹಳೆಯ ಬಟ್ಟೆಯಾಯಿತು. ಪುರಾಣದ ಮೊದಲ ದಿನ ಮನೆಯ ಬಾಗಿಲಿಗೆ ಒಗೆದ ಬಟ್ಟೆ ತೂಗುಹಾಕುವುದು ನನಗೆ ಸರಿ ಅನಿಸಲಿಲ್ಲ.

"ಪುರಾಣಕ್ಕ ಹಾಕೋದೈತಿ ಆಪಾ. ನೀರು ಮುಟ್ಟಸಂಗಿಲ್ಲ."

"ಅರೆ, ನಿಮ್ಮ ದೇವರು ಬ್ಯಾಡ ಅಂದ್ರ ನಾ ಏನ್ ಹೇಳ್ಲಿ? ಆದ್ರ ಬಟ್ಟಿಗೆ ದೇವರು ಗೊತ್ತಿಲ್ಲ ನೋಡು, ಅದು ತನ್ನ ಗುಣ ಬಿಡಂಗಿಲ್ಲ."

ಹಾಗೆ ಅನ್ನುತ್ತಲೇ ಅಳತೆ ತೆಗೆದುಕೊಂಡಳು. ಬಾಗಿಲ ಹೊಸ್ತಿಲಿಗೆ ಸರಿಯಾಗಿ ಮುಟ್ಟುವಂತೆ ಹೊಲಿದು ಕೊಟ್ಟಳು. ಪರದೆ ತೂಗುವ ಹಿತ್ತಾಳೆಯ ಬಳೆಗಳು ಎಲ್ಲಿಯೂ ಸಿಗದ್ದರಿಂದ ಬಟ್ಟೆಯದೇ ಕುಣಿಕೆ ಮಾಡಿ ಮೇಲೆ ಹಚ್ಚಿದ್ದಳು.

ಶ್ರಾವಣದ ಮೊದಲ ದಿನ ಲಿಂಗಪೂಜೆ ಮುಗಿಸಿ ನಾನೇ ಪರದೆ ಕಟ್ಟಿದೆ. ನೋಡಲು ಚೆನ್ನಾಗಿತ್ತು. ಸುಣ್ಣದ ಗೋಡೆ, ಕೆಂಪು ಪಟ್ಟಿ, ಗಿಣಿಗಳ ನಡುವೆ ಕೆನೆಬಣ್ಣದ ಬಟ್ಟೆ. ಅತ್ತೆ ಮಧ್ಯಾಹ್ನ ಬೇಗ ಉಂಡು, ವಿಭೂತಿ ಧರಿಸಿ, ಪರದೆಯ ಹಿಂದೆ ಮಣೆ ಹಾಕಿಸಿಕೊಂಡು ಎಲ್ಲರಿಗಿಂತ ಮೊದಲು ಕುಳಿತರು. ಓಣಿಯ ನಾಲ್ಕೈದು ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ಹಿಂದೆ ಕುಳಿತರು. ಹೊರಗೆ ಮಂಗಳಾಚರಣೆಯ ದನಿ ಎದ್ದಿತು.

ಅದರ ಹಿಂದೆಯೇ ಶ್ರಾವಣದ ಗಾಳಿ ಎದ್ದಿತು.

ಗಂಜಿ ತುಂಬಿದ ಆ ಬಟ್ಟೆ ಹಲಗೆಯಂತೆ ಬಿರುಸಾಗಿತ್ತು. ಗಾಳಿಗೆ ಒಮ್ಮೆ ಉಬ್ಬುವುದು, ಒಮ್ಮೆ ಚೌಕಟ್ಟಿಗೆ ಬಡಿಯುವುದು. ಪ್ರತಿ ಸಲವೂ ಹಪ್ಪಳ ಮುರಿದ ಸದ್ದು. ಪುರಾಣಿಕರ ದನಿ ಮೆತ್ತಗಿನದು. ಒಂದು ಮಾತು ಕೇಳಿಸಿದರೆ ಮೂರು ಮಾತು ಆ ಬರಬರದಲ್ಲಿ ಹೋಗುತ್ತಿತ್ತು. ಅತ್ತೆ ಮಣೆಯನ್ನು ಮುಂದೆ ಮುಂದೆ ಜರುಗಿಸಿಕೊಂಡು ಕಡೆಗೆ ಒಳ್ಳೆಯ ಕಿವಿಯನ್ನು ಪರದೆಗೇ ಹಚ್ಚಿದರು. ಅಲ್ಲಂತೂ ಸದ್ದು ಇನ್ನೂ ಜೋರು. ನಾನು ಎರಡೂ ಕೈಯಿಂದ ಪರದೆಯ ಅಂಚು ಹಿಡಿದು ನಿಂತೆ. ಹಿಡಿದರೆ ಕೈಯಲ್ಲೇ ಬರಬರ ಅನ್ನುವುದು.

ಮಂಗಳಾರತಿಯಾಗಿ ಗಂಡಸರು ಹೋದ ಮೇಲೆ ಕೇಳಿದೆ. "ಅತ್ತಿ, ಏನರ ಕೇಳಿಸ್ತೇನ್ರಿ?"

"ಕೇಳಿಸ್ತು. ನಿನ್ನ ಪರದಿ ಪುರಾಣ ಹೇಳ್ತು, ಪೂರಾ ಕೇಳಿದೆ," ಅಂದರು. "ಇದಕ್ಕಿಂತ ಕದಾನ ಛಲೋ ಇತ್ತವಾ. ಸಂದಿ ಅರ ಇತ್ತು."

ನನ್ನ ಮುಖ ಸಣ್ಣದಾಯಿತು. ಇನ್ನು ಹೊಸತು ಹಳತು ಎಂದು ನೋಡುವಂತಿರಲಿಲ್ಲ. ಪರದೆ ಬಿಚ್ಚಿ ಬಾವಿಯ ಕಟ್ಟೆಗೆ ಒಯ್ದು, ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಕಲ್ಲಿಗೆ ಹಾಕಿ ಒಗೆದೆ. ಗಂಜಿಯ ನೀರು ಹಾಲಿನಂತೆ ಹರಿಯಿತು. ಶ್ರಾವಣದಲ್ಲಿ ಬಟ್ಟೆ ಒಣಗುವುದು ಸುಲಭವಲ್ಲ, ಆದರೆ ಆ ದಿನ ಮಧ್ಯಾಹ್ನದೊಳಗೆ ಎರಡು ತಾಸು ಒಳ್ಳೆಯ ಬಿಸಿಲು ಬಿತ್ತು. ಅದಕ್ಕೂ ಕೈ ಮುಗಿದೆ. ಒಣಗಿದ ಬಟ್ಟೆ ಮೆತ್ತಗಾಗಿತ್ತು, ಬಿಳುಪೂ ಬಂದಿತ್ತು. ಸಂತೋಷದಿಂದ ತಂದು ಕಟ್ಟಿ, ಅತ್ತೆಯನ್ನು ಹಿಂದೆ ಕೂಡಿಸಿ, ಹೇಗೆ ಕಾಣುತ್ತದೆಂದು ನೋಡಲು ಪಡಸಾಲೆಗೆ ಹೋದೆ.

ನೀರು ಕಂಡ ಬಟ್ಟೆ ಕುಗ್ಗಿ, ಪರದೆ ಹೊಸ್ತಿಲಿನಿಂದ ಒಂದು ಗೇಣು ಮೇಲೆ ನಿಂತಿತ್ತು. ಅದರ ಕೆಳಗೆ ಅತ್ತೆಯ ಎರಡು ಊದಿದ ಪಾದ, ಮಣೆಯ ಕಾಲು, ಸೀರೆಯ ನಿರಿಗೆ ಎಲ್ಲ ಕಾಣುತ್ತಿದ್ದವು.

ಅಷ್ಟರಲ್ಲಿ ಅಂಗಳದಲ್ಲಿ ಗಂಡಸರ ಕೆಮ್ಮು ಕೇಳಿಸಿತು. ಬೇರೆ ದಾರಿ ಇರಲಿಲ್ಲ. ಒಳಗೆ ಓಡಿ ಕದ ಮುಂದೆ ಮಾಡಿದೆ. ಆ ಎರಡನೆಯ ದಿನ ಅತ್ತೆ ಮುಚ್ಚಿದ ಕದದ ಮುಂದೆ ಪುರಾಣ ಮುಗಿಯುವ ತನಕ ಕುಳಿತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ವರ್ಷ ಕಾದವರಿಗೆ ಮನೆಯೊಳಗೇ ಬಂದ ಪುರಾಣದ ಎರಡು ದಿನ ನನ್ನ ಹಟಕ್ಕೆ ಹೋಗಿದ್ದವು.

ಮರುದಿನ ಬೆಳಿಗ್ಗೆಯೇ ಪರದೆ ಹೆಗಲ ಮೇಲೆ ಹಾಕಿಕೊಂಡು ಹಿತ್ತಲಿನಿಂದ ಆಪಾಳ ಮನೆಗೆ ಹೋದೆ. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು.

"ನೆನಿ ಹಾಕಿದ್ಯೇನು?"

"ಹೂಂ."

"ಯಾವಾಗ? ಕತ್ತರಿ ಹಾಕಿದ ಮ್ಯಾಲ!" ಎಂದು ಮಿಷನ್ನಿನ ಮೇಲೆ ಬಗ್ಗಿ ನಕ್ಕಳು. "ಬಟ್ಟಿ ಎಲ್ಲಿಂದ ತರಲಿ ಈಗ? ಮುಂದಿನ ಚೀಟಿ ಬರೋತನಕ ಶ್ರಾವಣ ಮುಗದಿರತೈತಿ."

"ಬ್ಯಾರೆ ಬಟ್ಟಿ ತುಂಡು ಹಚ್ಚಿದ್ರ?"

"ಹಚ್ಚಬಹುದು. ತ್ಯಾಪಿ ಕಾಣತೈತಿ. ಊರಿನ ಹಿರೇರು ಕೂಡೂ ಪಡಸಾಲಿಗೆ ತ್ಯಾಪಿ ಪರದಿ ಹಾಕತೀಯೇನು?" ಎಂದು, ಸ್ವಲ್ಪ ಯೋಚಿಸಿ ಅಂದಳು. "ಒಂದ್ ಮಾತು ಹೇಳ್ಲಿ? ಒಂದ್ ಕಡಿ ಕಂಡ್ರ ತ್ಯಾಪಿ. ಅದ ಬಣ್ಣ ನಾಕ್ ಕಡಿ ಕಂಡ್ರ ಬೇಕಂತ ಮಾಡ್ಯಾರ ಅಂತಾರ. ಪರದಿಗೆ, ಕಿಡಕಿಗೆ, ಲೋಡಿಗೆ, ಗಾದಿಗೆ, ಎಲ್ಲಾ ಕಡಿ ಒಂದ ಬಟ್ಟಿ ಬರಬೇಕು. ಅಷ್ಟು ದೊಡ್ಡ ಬಟ್ಟಿ ಮನ್ಯಾಗ ಐತೇನ್ ನೋಡು."

ಮನೆಯಲ್ಲಿ ಏನಿತ್ತು? ನನ್ನವು ಉಡುವ ಸೀರೆ ಮೂರು, ಕೌದಿಗೆ ಇಟ್ಟ ಚಿಂದಿ ಒಂದು ಗಂಟು. ಆ ಗಂಟು ಬಿಚ್ಚಿ ಹರವಿಕೊಂಡು ಕುಳಿತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು, ನನ್ನನ್ನು ಏನೂ ಕೇಳದೆ, ತಮ್ಮ ಕಬ್ಬಿಣದ ಪೆಟ್ಟಿಗೆಯ ಕೀಲಿ ತೆಗೆದರು. ತಳದಿಂದ ಒಂದು ಇಳಕಲ್ ಸೀರೆ ಹೊರಗೆ ಬಂತು. ದಟ್ಟ ನೀಲಿ ಒಡಲು, ಅಗಲವಾದ ಕೆಂಪು ದಡಿ, ಕೆಂಪು ಬಿಳಿ ತೆನೆಗಳ ಸೆರಗು. ಮಾವನವರು ತೀರಿದ ಮೇಲೆ ಅವರು ಅದನ್ನು ಉಟ್ಟದ್ದನ್ನು ನಾನು ಕಂಡಿರಲಿಲ್ಲ.

"ಇದನ್ನ ಒಯ್ಯಿ."

"ಬ್ಯಾಡ್ರಿ ಅತ್ತಿ. ಇದು ನಿಮ್ಮ ಹಿಂದಿಂದು."

"ಉಟ್ಟಾಗ ನೋಡೋರು ಹೋಗ್ಯಾರ. ಪೆಟ್ಟಿಗ್ಯಾಗ ಹುಳ ತಿಂತೈತಿ. ಅದೂ ಒಂದಿಷ್ಟು ಪುರಾಣ ಕೇಳಲಿ."

ಆಪಾಳಿಗೆ ಸೀರೆ ಕೊಟ್ಟರೆ ಅವಳು ಕತ್ತರಿ ಕೆಳಗಿಟ್ಟಳು. "ಇದಕ್ಕ ನಾ ಕತ್ತರಿ ಹಾಕಂಗಿಲ್ಲ. ನಾಳೆ ಮುದುಕಿ ಮನಸಿನ್ಯಾಗ ಏನರ ಬಂತಂದ್ರ ನನ್ನ ಹೆಸರು ಹೇಳತೈತಿ." ಆಮೇಲೆ ಬುರ್ಖಾ ಹಾಕಿಕೊಂಡು ಕತ್ತರಿ ಸಮೇತ ನಮ್ಮ ಮನೆಗೇ ಬಂದಳು. ಅತ್ತೆಯ ಮುಂದೆ ಸೀರೆ ಹಾಸಿ, "ಅವ್ವಾರ, ಮೊದಲನೇ ಕತ್ತರಿ ನೀವ ಹಾಕ್ರಿ," ಅಂದಳು.

ಅತ್ತೆ ಕತ್ತರಿ ತೆಗೆದುಕೊಂಡು ದಡಿಯ ಪಕ್ಕದಲ್ಲಿ ಕಚ್ ಎಂದು ಎರಡು ಬೆರಳು ಕತ್ತರಿಸಿ ತಿರುಗಿ ಕೊಟ್ಟರು. "ಆತೇನು? ಇನ್ನ ನಿನ್ನ ಕೈ ಆಡಲಿ. ಒಂದ್ ಮಾತು. ಸೆರಗು ಯಾರ ಕುಂಡಿ ಕೆಳಗೂ ಬರಬಾರದು."

"ತೋಬಾ! ಸೆರಗು ತಲಿ ಮ್ಯಾಲ ಇರತೈತ್ರಿ ಅವ್ವಾರ, ಮತ್ತೆಲ್ಲಿ ಇಡತೀನಿ?"

ಅವಳು ಅಂದಂತೆಯೇ ಮಾಡಿದಳು. ದೊಡ್ಡ ಪರದೆಯ ಕೆಳಗೆ ದಡಿಯನ್ನು ನಾಲ್ಕು ಬೆರಳು ನೀಲಿ ಒಡಲಿನ ಜೊತೆಗೇ ಕತ್ತರಿಸಿ ಹಚ್ಚಿದಳು. ಈ ಸಲ ಸೀರೆಯನ್ನೂ ಮೊದಲು ನೀರಿಗೆ ಅದ್ದಿಸಿ, ನನ್ನ ಕೈಯಿಂದಲೇ ಹಿಂಡಿಸಿದಳು. ಸೆರಗು ಬಾಗಿಲಿನ ಮೇಲೆ, ಕೋಲನ್ನು ಮರೆಮಾಡುವ ಹಾಗೆ ಅಡ್ಡ ಬಂತು. ಕಿಟಕಿ ಪರದೆಗಳ ಅಂಚಿಗೆ ಇನ್ನೊಂದು ಕಡೆಯ ದಡಿ. ಉಳಿದ ಒಡಲು ಮೂರು ಲೋಡುಗಳ ಗವಸಣಿಗೆಯಾಯಿತು. ಲೋಡಿನ ಎರಡು ತುದಿಯ ದುಂಡು ಮುಖಗಳಿಗೆ ಕೆಂಪು. ಗಾದಿಗೆ ಅಷ್ಟು ಬಟ್ಟೆ ಸಾಲದೆ ಹಳೆಯ ಬಿಳಿ ದುಪ್ಪಟಿಯನ್ನೇ ಹಾಸಿ ಅದರ ಸುತ್ತ ನೀಲಿ ಪಟ್ಟಿ ಹೊಲಿದಳು.

ದೊಡ್ಡ ಪರದೆಯೊಂದಕ್ಕೇ ಮೂರನೆಯ ದಿನದ ಬೆಳಗಿನಿಂದ ಊಟದ ಹೊತ್ತಿನವರೆಗೆ ಹಿಡಿಯಿತು. ಕಿಟಕಿ, ಲೋಡು, ಗಾದಿ ಆಮೇಲಿನ ದಿನಗಳಲ್ಲಿ ಆದವು. ಪರದೆ ಕಟ್ಟಿ ಮುಗಿಸಿ ಅವಳು ನನ್ನನ್ನು ಪಡಸಾಲೆಗೆ ಕಳಿಸಿ, ತಾನು ಅತ್ತೆಯ ಜೊತೆ ಹಿಂದೆ ನಿಂತು ಕೇಳಿದಳು. "ಕಾಲು ಕಾಣತಾವೇನು?"

"ಇಲ್ಲ."

"ನೆರಳು?"

"ಅದೂ ಇಲ್ಲ."

"ಗಂಜಿ ಹೋಗಿ ನೂಲು ಬಿಟ್ಟಾವ, ಈ ಕಡಿಂದ ನೀ ಪೂರಾ ಕಾಣತೀ. ಹಿಂಗ ಇರಬೇಕು. ಹೊರಗ ಬೆಳಕು, ಒಳಗ ಕತ್ತಲು. ಪರದಾ ಇರೋದು ಕಣ್ಣಿಗೆ, ಕಿವಿಗಲ್ಲ."

ಪುರಾಣ ಶುರುವಾಯಿತು. ಮೆತ್ತಗಾದ ಬಟ್ಟೆ ಗಾಳಿಗೆ ಸದ್ದಿಲ್ಲದೆ ಆಡುತ್ತಿತ್ತು. ಕೆಳಗಿನ ದಡಿಯ ಭಾರಕ್ಕೆ ಹೆಚ್ಚು ಹಾರಲೂ ಇಲ್ಲ. ಪುರಾಣಿಕರ ದನಿ ನಮ್ಮ ಪಕ್ಕದಲ್ಲೇ ಕುಳಿತು ಓದಿದಂತೆ ಕೇಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಅವರಿಗೆ ಅರ್ಧ ಪುರಾಣ ಬಾಯಿಪಾಠವೆಂದು ನನಗೆ ಆಗ ತಿಳಿಯಿತು.

ಐದಾರು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಮೋಡ ಕವಿದು, ಎಲ್ಲರಿಗೂ ಮನೆ ಸೇರುವ ಅವಸರ. ಪುರಾಣಿಕರೂ ಬೇಗ ಬೇಗ ಓದುತ್ತಿದ್ದರು. ಅತ್ತೆಯ ತುಟಿ ನಿಂತಿತು. ಕಣ್ಣು ತೆರೆದರು. ನಾನು ತಡೆಯುವಷ್ಟರಲ್ಲಿ ಗಟ್ಟಿಯಾಗಿ ಅಂದುಬಿಟ್ಟರು:

"ಅಯ್ಯನವರ, ನಡುವ ಬಿಟ್ರಿ! ಆ ಹೆಣ್ಮಗಳಿಗೆ ಲಿಂಗ ಕೊಟ್ಟದ್ದು ಬರಲಿಲ್ಲ."

ಪಡಸಾಲೆಯವರೆಲ್ಲ ಪರದೆಯ ಕಡೆ ತಿರುಗಿದರು. ಆ ಮನೆಯಲ್ಲಿ ನಡುಮನೆಯ ಹೆಂಗಸಿನ ದನಿ ಗಂಡಸರ ಸಭೆಗೆ ಹೋದದ್ದು ಅದೇ ಮೊದಲು. ಪರದೆಯ ಮೂಲಕ ನಮ್ಮವರ ಮುಖ ಕಾಣುತ್ತಿತ್ತು. ತಲೆ ಬಗ್ಗಿಸಿ ಲೋಡಿನ ಕೆಂಪು ಮುಖ ನೋಡುತ್ತ ಕುಳಿತಿದ್ದರು. ಹಿರಿಯರಲ್ಲೊಬ್ಬರು, "ಯಾರ್ರಿ ಅದು?" ಅಂದರು.

"ನಮ್ಮವ್ವ," ಎಂದರು ನಮ್ಮವರು, ಕೇಳಿಯೂ ಕೇಳದಷ್ಟು ಮೆಲ್ಲಗೆ.

ಪುರಾಣಿಕರು ಪುಸ್ತಕದ ಮೇಲೆ ಬಗ್ಗಿದರು. ಹಾಳೆಯ ತುದಿಗೆ ಬೆರಳು ಹಚ್ಚಿ ತಿಕ್ಕಿದರು. ಒಂದಕ್ಕೊಂದು ಅಂಟಿದ್ದ ಎರಡು ಹಾಳೆ ಬೇರೆಯಾದವು.

"ಅವ್ವಾರು ಖರೇ ಹೇಳ್ಯಾರ. ಎರಡು ಹಾಳಿ ಕೂಡಿ ತಿರುಗ್ಯಾವ," ಎಂದು ಜೋರಾಗಿ ನಕ್ಕರು. "ಕೇಳಾವ್ರು ಇಷ್ಟು ಮಂದಿ ಮುಂದ ಕುಂತೀರಿ, ಒಬ್ಬರಿಗೂ ಗೊತ್ತಾಗಲಿಲ್ಲೇನ್ರಪಾ?"

ಆ ಮಾತಿಗೆ ಎಲ್ಲರೂ ನಕ್ಕರು, ನಮ್ಮವರೂ ತಲೆ ಎತ್ತಿದರು. ಮಳೆ ಬಿದ್ದೇ ಬಿತ್ತು. ಬಿಟ್ಟ ಹಾಳೆಯನ್ನು ಪೂರ್ತಿ ಓದಿಸಿಕೊಂಡೇ ಎಲ್ಲರೂ ತೊಯ್ಸಿಕೊಂಡು ಮನೆಗೆ ಹೋದರು. ಆ ದಿನದಿಂದ ಪುರಾಣಿಕರು ಓದಲು ಕೂಡುವ ಮೊದಲು ಪರದೆಯ ಕಡೆ ತಿರುಗಿ, "ಅವ್ವಾರ, ಕೇಳತೈತೇನ್ರಿ?" ಎಂದು ಕೇಳುವುದು ರೂಢಿಯಾಯಿತು. "ಕೇಳತೈತಿ, ನಡೀಲಿ," ಎನ್ನುವರು ಅತ್ತೆ. ಗಂಡಸರ ಸಭೆಗೆ ಅಪ್ಪಣೆ ಕೊಟ್ಟಂತೆ ಇರುತ್ತಿತ್ತು ಆ ದನಿ.

ಒಂದು ದಿನ ಹಾಗೆ ಕೇಳಿದಾಗ ಅತ್ತೆ, "ಇವತ್ತಿಂದು ಕೇಳತೈತ್ರಿ. ಸುರುವಿನ ಎರಡು ದಿನದ್ದು ಕೇಳಿಲ್ಲ," ಅಂದರು. ಯಾಕೆ ಎಂದು ಅವರು ಕೇಳಿದರು. ಅತ್ತೆ ನನ್ನ ಮುಖ ನೋಡಿ, "ಮನ್ಯಾಗ ಬ್ಯಾರೆ ಕೆಲಸ ಇತ್ತು," ಎಂದಷ್ಟೇ ಹೇಳಿದರು. ನನ್ನ ತಪ್ಪನ್ನು ಸಭೆಯ ಮುಂದೆ ಇಡಲಿಲ್ಲ. ಅದನ್ನು ನಾನು ಎಂದೂ ಮರೆತಿಲ್ಲ.

ಪುರಾಣದ ಕಡೆಯ ದಿನ ಪುರಾಣಿಕರು ಊಟಕ್ಕೂ ಮೊದಲೇ, ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಒಬ್ಬರೇ ಬಂದರು. ಮಂದಿ ಸೇರುವ ಮೊದಲು ಅವ್ವಾರಿಗೆ ಆ ಎರಡು ದಿನದ್ದು ಓದಿ ಮುಗಿಸುತ್ತೇನೆ ಎಂದರು. ನಮ್ಮವರು ಅಂಗಡಿಗೆ ಹೋಗುವುದನ್ನು ಬಿಟ್ಟು ಅವರ ಎದುರು ಕುಳಿತರು. ನಾನು ಒಲೆಯ ಮೇಲಿನ ಹುಗ್ಗಿ ಇಳಿಸಿ ಓಡಿ ಬಂದೆ. ಗಾದಿಯ ಹೊದಿಕೆಯ ಒಂದು ಮೂಲೆ ಬಿಚ್ಚಿದ್ದನ್ನು ಹೊಲಿಯಲು ಬಂದಿದ್ದ ಆಪಾ ಸೂಜಿ ದಾರ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಪಕ್ಕದಲ್ಲಿ ಕುಳಿತಳು.

ಎರಡು ತಾಸಿಗೂ ಹೆಚ್ಚು ಓದಿದರು. ಹುಗ್ಗಿ ಆರಿ ಗಟ್ಟಿಯಾಯಿತು. ನಡುವೆ ಒಮ್ಮೆ ಆಪಾ ನನ್ನ ಕಿವಿಯಲ್ಲಿ, "ಈ ಹುಡುಗಿ ಯಾರು? ಮುಂದ ಏನಾತು?" ಎಂದು ಕೇಳಿದಳು. ಅತ್ತೆ ಕಣ್ಣು ತೆರೆಯದೆ ಅಂದರು:

"ತಡಿಯವಾ. ಬರತೈತಿ."